ಸೊಂಟ ಹಿಡಿದಿದೆ. ಪೇಟೆಯ ಹೊಸ ಕೈರೊಪ್ರಾಕ್ಟಿಕ್ ಸೆಂಟರ್‌ಗೆ ಹೋಗಿ ‘ಟಕ್’ ಅನ್ನಿಸಿಕೊಳ್ಳಬಹುದಾ?

ಸೋಗೆಮನೆ
ಭಾನುವಾರ, ಸಂಜೆ 7:12

ಮೂರು ವಾರ ಆಯ್ತು, ಸೊಂಟ ಹಿಡಿದುಕೊಂಡಿದೆ. ಅಂಗಳದಲ್ಲಿ ಅಡಿಕೆ ಒಣಗಲು ಹಾಕಿದ್ದೆ. ಸಂಜೆ ಮೋಡ ಕಟ್ಟಿತು ಅಂತ ಗಡಿಬಿಡಿಯಲ್ಲಿ ಗೋಣಿಗೆ ತುಂಬಿಸಿ ಎತ್ತಿದೆ. ಸೊಂಟದಲ್ಲಿ ಏನೋ ಕಳಕ್ ಅಂತು. ಗೋಣಿಯೂ ಅಲ್ಲೇ, ನಾನೂ ಅಲ್ಲೇ. ಮಳೆ ಮಾತ್ರ ಬರಲೇ ಇಲ್ಲ.

ವಯಸ್ಸು 44. ಕಾಸರಗೋಡಿನ ಬದಿಯಡ್ಕದ ಕಡೆಯವನು. ನೋವು ಬಲ ಸೊಂಟದಿಂದ ಕುಂಡೆಯವರೆಗೆ. ಕಾಲಿಗೆ ಇಳಿಯುವುದಿಲ್ಲ. ಬಾಗಿ ಮುಖ ತೊಳೆಯುವಾಗ ಮತ್ತು ಬೈಕ್ ಹಂಪ್ ಹಾರುವಾಗ ದೇವರು ಕಾಣುತ್ತಾನೆ. ಐದು ದಿನ ಮಾತ್ರೆ ತಿಂದೆ. ಮನೆಯವಳು ಎಣ್ಣೆ ಹಚ್ಚಿ ಬಿಸಿನೀರು ಹೊಯ್ದಳು. ಅರ್ಧ ಕಡಿಮೆ ಆಗಿದೆ, ಪೂರ್ತಿ ಹೋಗಿಲ್ಲ.

ಈಗ ವಿಷಯ. ನಮ್ಮ ಹತ್ತಿರದ ಪೇಟೆಯಲ್ಲಿ ಒಂದು ಕೈರೊಪ್ರಾಕ್ಟಿಕ್ ಸೆಂಟರ್, ಅಂದರೆ ಬೆನ್ನೆಲುಬು ಒತ್ತಿ ನೋವು ತೆಗೆಯುತ್ತೇವೆ ಅನ್ನುವವರದು, ಶುರುವಾಗಿದೆ. ಬೋರ್ಡಿನಲ್ಲಿ ಬೆನ್ನೆಲುಬಿನ ದೊಡ್ಡ ಚಿತ್ರ. ಮಲಯಾಳಂ, ಇಂಗ್ಲಿಷ್ ಉಂಟು, ಕನ್ನಡ ಇಲ್ಲ. ಅಳಿಯ ಮೊಬೈಲಿನಲ್ಲಿ ಅಂಥದ್ದೇ ವಿಡಿಯೊ ತೋರಿಸಿದ. ಒಬ್ಬನ ಗಲ್ಲಕ್ಕೆ ಪಟ್ಟಿ ಕಟ್ಟಿ ಬಾವಿಯಿಂದ ನೀರು ಸೇದುವ ಹಾಗೆ ಎಳೆಯುತ್ತಾರೆ. ಟಕಟಕ ಅಂತ ಶಬ್ದ. ಆಮೇಲೆ ಅವನು ಅಳುತ್ತಾ ನಗುತ್ತಾನೆ. ಮೊದಲ ಸಲಕ್ಕೆ 800 ರೂಪಾಯಿ ಅಂತೆ.

ಇವರು ಡಾಕ್ಟರಾ? ಆ ಶಬ್ದ ಎಲುಬು ಜಾಗಕ್ಕೆ ಕೂರುವುದಾ? ಯಾರಾದರೂ ಹೋಗಿ ಬಂದವರು ಹೇಳಿ.

ಪೆರ್ಲದ ಪೆನ್ನು
ಭಾನುವಾರ, ಸಂಜೆ 7:20

ಬಾರದ ಮಳೆಗೆ ಸೊಂಟ ಕೊಟ್ಟ ನಿಮಗೆ ಮೊದಲು ಒಂದು ನಮಸ್ಕಾರ ಭಾವ. ಕೈರೊ ಅಂದರೆ ಈಜಿಪ್ಟಿನ ಪೇಟೆ ಅಂತ ಇಷ್ಟು ದಿನ ತಿಳಿದಿದ್ದೆ.

ದೇರಾದಿಂದ ಉಪ್ಪಳ
ಭಾನುವಾರ, ಸಂಜೆ 7:41

ದುಬೈಯಲ್ಲಿ ನಾನು ಎರಡು ಸಲ ಹೋಗಿದ್ದೇನೆ, ಕುತ್ತಿಗೆ ನೋವಿಗೆ. ಇಲ್ಲಿ ಆರೋಗ್ಯ ಇಲಾಖೆಯ ಲೈಸೆನ್ಸ್ ಇಲ್ಲದೆ ಬೋರ್ಡ್ ಹಾಕುವ ಹಾಗಿಲ್ಲ. ಲೈಸೆನ್ಸ್ ಗೋಡೆಯಲ್ಲೇ ತೂಗುಹಾಕಿರುತ್ತಾರೆ. ಮೊದಲ ದಿನ ಮುಕ್ಕಾಲು ಗಂಟೆ ಬರೀ ಪ್ರಶ್ನೆ. ಬಿದ್ದಿದ್ದೀರಾ, ಬಿಪಿ ಉಂಟಾ, ತಲೆ ತಿರುಗುತ್ತದಾ, ರಕ್ತ ತೆಳು ಮಾಡುವ ಮಾತ್ರೆ ತಿನ್ನುತ್ತೀರಾ. ಆ ದಿನ ಮುಟ್ಟಲೇ ಇಲ್ಲ. ನನಗೆ ದುಡ್ಡು ದಂಡ ಅನಿಸಿತ್ತು. ಎರಡನೇ ಸಲ ಭುಜದ ನಡುವೆ ಒಮ್ಮೆ ಒತ್ತಿದರು. ಒಳ್ಳೆಯದಾಯಿತು. ಊರಿನದು ಹೇಗೋ ಗೊತ್ತಿಲ್ಲ.

ಮಡಕಶಿರ ರಾಗಿ
ಭಾನುವಾರ, ರಾತ್ರಿ 8:05

ಇದಕ್ಕೆಲ್ಲ ಸಾವಿರ ಯಾಕೆ ಸುರಿಯುತ್ತೀರಿ ಅಣ್ಣಾ. ಪುತ್ತೂರಿಗೆ ಹೋಗಿ ಕಟ್ಟು ಹಾಕಿಸಿ. ನಮ್ಮ ಕಡೆಯವರೆಲ್ಲ ಅಲ್ಲಿಗೇ ಹೋಗುವುದು. ನಮ್ಮ ಮಾವನ ಮುರಿದ ಕೈ ಅಲ್ಲೇ ಕೂಡಿದ್ದು.

ಸೋಗೆಮನೆ
ಭಾನುವಾರ, ರಾತ್ರಿ 8:11

ಅಯ್ಯೋ, ಪುತ್ತೂರು ನಮಗೆ ಪಕ್ಕದ ಮನೆ. ಪೆರ್ಲ, ಅಡ್ಯನಡ್ಕ, ವಿಟ್ಲ ದಾಟಿದರೆ ಆಯ್ತು. ವಾರಕ್ಕೊಮ್ಮೆ ಅಡಿಕೆ ಕೊಡಲು ಹೋಗುತ್ತೇನೆ. ಇದು ಎಲ್ಲಿ, ಮಹಾಲಿಂಗೇಶ್ವರ ದೇವಸ್ಥಾನದ ಗದ್ದೆ ಹತ್ತಿರವಾ?

ಮಡಕಶಿರ ರಾಗಿ
ಭಾನುವಾರ, ರಾತ್ರಿ 8:14

ಯಾವ ಮಹಾಲಿಂಗೇಶ್ವರ? ತಿರುಪತಿಯಿಂದ ಚೆನ್ನೈಗೆ ಹೋಗುವ ದಾರಿಯಲ್ಲಿ ಸಿಗುತ್ತದಲ್ಲ, ಆ ಪುತ್ತೂರು.

ಪೆರ್ಲದ ಪೆನ್ನು
ಭಾನುವಾರ, ರಾತ್ರಿ 8:15

😂😂 ಭಾವ ಇನ್ನೇನು ವಿಟ್ಲದ ಬಸ್ಸು ಹತ್ತಿ ಆಗಿತ್ತು.

ಸೋಗೆಮನೆ
ಭಾನುವಾರ, ರಾತ್ರಿ 8:17

ಆ ಪುತ್ತೂರಿಗೆ ಕೂತು ಹೋದರೆ ಇದ್ದ ಸೊಂಟವೂ ಹೋಗುತ್ತದೆ ಮಾರಾಯ್ರೆ.

ಫಿಸಿಯೊ ಕುಂಬಳೆ
ಭಾನುವಾರ, ರಾತ್ರಿ 9:30

ಡ್ಯೂಟಿ ಮುಗಿಸಿ ಈಗ ನೋಡಿದೆ. ನಾನು ಫಿಸಿಯೊಥೆರಪಿಸ್ಟ್, 11 ವರ್ಷ ಆಯ್ತು. ರಾಗಿ ಅಣ್ಣಾ, ಪುತ್ತೂರು ಕಟ್ಟು ಅನ್ನುವುದು ಮುರಿದ ಎಲುಬಿಗೆ. ಬಿದಿರ ದಬ್ಬೆ, ಬಟ್ಟೆ, ಮದ್ದು ಇಟ್ಟು ಅಲ್ಲಾಡದಂತೆ ಕಟ್ಟುತ್ತಾರೆ. ಸೋಗೆಮನೆ ಅಣ್ಣನಿಗೆ ಬೇಕಾದದ್ದು ಅದರ ತದ್ವಿರುದ್ಧ. ಅವರು ಅಲ್ಲಾಡಬೇಕು.

ಗೋಣಿ ಎತ್ತಿ ಹಿಡಿದ ಸೊಂಟ, ಕಾಲಿಗೆ ಇಳಿಯದ ನೋವು, ಮೂರು ವಾರದಲ್ಲಿ ಅರ್ಧ ಕಡಿಮೆ. ಇದು ಒಳ್ಳೆಯ ಲಕ್ಷಣ. ಇಂಥದ್ದು ಹೆಚ್ಚಿನವರಿಗೆ ಕೆಲವು ವಾರದಲ್ಲಿ ತಾನಾಗಿ ತಗ್ಗುತ್ತದೆ. ನೀವು ಯಾರ ಹತ್ತಿರ ಹೋದರೂ ಈ ಹೊತ್ತಿಗೆ ತಗ್ಗುವುದೇ. ನೀವು ಹೋದ ಕಡೆಯವರಿಗೆ ಹೆಸರು ಬರುತ್ತದೆ ಅಷ್ಟೆ.

ಶಬ್ದದ ವಿಷಯ: ಎಲುಬು ಎಲ್ಲಿಯೂ ಜಾರಿ ಹೋಗಿರುವುದಿಲ್ಲ, ಆದ್ದರಿಂದ ಜಾಗಕ್ಕೆ ಕೂರುವುದೂ ಇಲ್ಲ. ಗಂಟಿನ ಒಳಗೆ ಎಣ್ಣೆಯಂಥ ದ್ರವ ಉಂಟು. ಗಂಟನ್ನು ಫಕ್ಕನೆ ಎಳೆದಾಗ ಒಳಗಿನ ಒತ್ತಡ ಇಳಿದು ಗಾಳಿಗುಳ್ಳೆ ಏಳುತ್ತದೆ. ಅದೇ ಟಕ್. ಕೆನಡಾದ ಆಲ್ಬರ್ಟಾದಲ್ಲಿ 2015ರಲ್ಲಿ ಬೆರಳನ್ನು ಎಂಆರ್‌ಐ ಒಳಗಿಟ್ಟು ಎಳೆದು ಇದನ್ನು ಚಿತ್ರ ಹಿಡಿದಿದ್ದಾರೆ.

ನೀರ್ಚಾಲು ಟೀಚರ್
ಭಾನುವಾರ, ರಾತ್ರಿ 9:52

ಅಂದರೆ ನೆಟಿಗೆ! ಇದಕ್ಕೆ ಕೆನಡಾ ಯಾಕೆ ಬೇಕಿತ್ತು. ನಮ್ಮ ಅಜ್ಜಿ ಮಕ್ಕಳ ದೃಷ್ಟಿ ತೆಗೆದು ತನ್ನ ಹಣೆಯ ಎರಡು ಬದಿಗೆ ಬೆರಳು ಒತ್ತಿ ನೆಟಿಗೆ ಮುರಿಯುತ್ತಿದ್ದರು. ಹೆಚ್ಚು ನೆಟಿಗೆ ಬಂದರೆ ಹೆಚ್ಚು ದೃಷ್ಟಿ ಇತ್ತು ಅಂತ ಲೆಕ್ಕ. ಹಿಂದೆಯೇ ಇನ್ನೊಂದು ಮಗುವಿಗೆ ತೆಗೆದರೆ ನೆಟಿಗೆ ಬರುತ್ತಿರಲಿಲ್ಲ. ಇವಳಿಗೆ ದೃಷ್ಟಿಯೇ ಆಗಿಲ್ಲ ಅಂತಿದ್ದರು. ಯಾವಾಗಲೂ ಎರಡನೆಯವಳು ನಾನು. ಚಂದ ಇಲ್ಲದ್ದಕ್ಕೆ ದೃಷ್ಟಿ ಆಗುವುದಿಲ್ಲ ಅಂತ ಬೇಸರ ಮಾಡಿಕೊಳ್ಳುತ್ತಿದ್ದೆ.

ಫಿಸಿಯೊ ಕುಂಬಳೆ
ಭಾನುವಾರ, ರಾತ್ರಿ 9:58

ಟೀಚರ್, ನೀವು ಚಂದವೇ ಇದ್ದೀರಿ 😄 ಒಮ್ಮೆ ನೆಟಿಗೆ ಬಂದ ಗಂಟು ಸುಮಾರು 20 ನಿಮಿಷ ಮತ್ತೆ ಶಬ್ದ ಮಾಡುವುದಿಲ್ಲ. ಅಜ್ಜಿಯ ಬೆರಳಿಗೆ ಪುರುಸೊತ್ತು ಸಿಕ್ಕಿರಲಿಲ್ಲ, ಅಷ್ಟೆ.

ನೀರ್ಚಾಲು ಟೀಚರ್
ಭಾನುವಾರ, ರಾತ್ರಿ 10:01

60 ವರ್ಷದ ಬೇಸರ ಇವತ್ತು ಹೋಯಿತು.

ಜತ್ತ ಬಿಳಿಜೋಳ
ಸೋಮವಾರ, ಬೆಳಿಗ್ಗೆ 6:40

ನಮ್ಮ ಜತ್ತ, ಅಕ್ಕಲಕೋಟ ಕಡೆ ಸೊಂಟ ಹಿಡಿದರೆ ಪಾಯಾಳು ಇದ್ದವರನ್ನು ಕರೆಸುತ್ತಾರೆ. ಹುಟ್ಟುವಾಗ ಕಾಲು ಮುಂದಾಗಿ ಬಂದವರು. ಅವರು ಬೆನ್ನಿಗೆ ಕಾಲು ತಾಗಿಸಿದರೆ ಸಾಕು, ಹಿಡಿತ ಬಿಡುತ್ತದೆ ಅಂತ ನಂಬಿಕೆ. ನಮ್ಮ ಕಾಕು, ಅಂದರೆ ಚಿಕ್ಕಮ್ಮ, ಪಾಯಾಳು. ಸುಗ್ಗಿ ಬಂತೆಂದರೆ ಮನೆ ಮುಂದೆ ಸಾಲು. ಹಾಲು ಕಾಯಿಸಲಿಕ್ಕೂ ಬಿಡುತ್ತಿರಲಿಲ್ಲ ಮಂದಿ. ಫೀಸು ಒಂದು ಅಡಿಕೆ, ಎರಡು ಎಲೆ.

ಪೆರ್ಲದ ಪೆನ್ನು
ಸೋಮವಾರ, ಬೆಳಿಗ್ಗೆ 7:15

ಒದೆಯುವುದಕ್ಕೆ ಅಡಿಕೆ ಸಾಕು ಅಂದರೆ ನಮ್ಮ ಭಾವನಿಗೆ ಇದೇ ಒಳ್ಳೆಯದು. ಗೋಣಿಗಟ್ಟಲೆ ಉಂಟು. ಎತ್ತುವವರು ಇಲ್ಲ.

ಅಯೋವಾ ಮೆಕ್ಕೆಜೋಳ
ಸೋಮವಾರ, ಬೆಳಿಗ್ಗೆ 8:33

ಮಂಜೇಶ್ವರದವನು, ಈಗ ಅಯೋವಾ ಸಿಟಿಯಲ್ಲಿದ್ದೇನೆ. ಈ ವಿದ್ಯೆ ಹುಟ್ಟಿದ ಡೇವನ್‌ಪೋರ್ಟ್ ಊರು ಇಲ್ಲಿಂದ ಕಾರಿನಲ್ಲಿ ಒಂದು ಗಂಟೆ, ಮಿಸಿಸಿಪ್ಪಿ ನದಿಯ ದಡದಲ್ಲಿ. ಅಲ್ಲಿ ಡೇನಿಯಲ್ ಡೇವಿಡ್ ಪಾಮರ್ ಅಂತ ಒಬ್ಬರು ಅಯಸ್ಕಾಂತದ ಚಿಕಿತ್ಸೆ ಅಂತ ಕೈ ಇಡುವ ಕೆಲಸ ಮಾಡುತ್ತಿದ್ದರು. 1895ರ ಸೆಪ್ಟೆಂಬರ್ 18ರಂದು ಅದೇ ಕಟ್ಟಡ ಗುಡಿಸುತ್ತಿದ್ದ ಹಾರ್ವೆ ಲಿಲ್ಲಾರ್ಡ್ ಅವರ ಬೆನ್ನೆಲುಬನ್ನು ಒತ್ತಿದರು, ಅವರ ಹೋದ ಕಿವಿ ಮತ್ತೆ ಕೇಳಿತು ಅಂತ ಕತೆ. ಎರಡು ವರ್ಷದಲ್ಲಿ ಶಾಲೆ ತೆರೆದರು. 1906ರಲ್ಲಿ ಲೈಸೆನ್ಸ್ ಇಲ್ಲದೆ ವೈದ್ಯ ಮಾಡಿದ್ದಕ್ಕೆ ಜೈಲಿಗೂ ಹೋದರು.

ಕಿವಿಯ ಕತೆ ನಾನೂ ನಂಬುವುದಿಲ್ಲ. ಕಿವಿಯ ನರ ಬೆನ್ನಿನಲ್ಲಿ ಹಾದು ಹೋಗುವುದೇ ಇಲ್ಲ. ಆದರೆ ಇವತ್ತಿನ ಅಮೆರಿಕದಲ್ಲಿ ಕೈರೊಪ್ರಾಕ್ಟರ್ ಆಗಲು ಕಾಲೇಜಿನ ಮೇಲೆ ಸುಮಾರು ನಾಲ್ಕು ವರ್ಷ ಓದಬೇಕು, ಪರೀಕ್ಷೆ ಪಾಸಾಗಬೇಕು, ರಾಜ್ಯದ ಲೈಸೆನ್ಸ್ ಬೇಕು. ಎಲ್ಲ 50 ರಾಜ್ಯಗಳಲ್ಲೂ ಕಾನೂನು ಉಂಟು. ಕೊನೆಯದು ಲೂಯಿಸಿಯಾನಾ, 1974ರಲ್ಲಿ. ಹಿರಿಯರ ಸರ್ಕಾರಿ ವಿಮೆ ಮೆಡಿಕೇರ್ ಕೂಡ ಬೆನ್ನೆಲುಬು ಒತ್ತಿಸುವುದಕ್ಕೆ ದುಡ್ಡು ಕೊಡುತ್ತದೆ. ಅವರು ಬರೆದುಕೊಟ್ಟ ಎಕ್ಸ್‌ರೇಗೆ ಮತ್ತು ಮಸಾಜಿಗೆ ಕೊಡುವುದಿಲ್ಲ. ಸುಮ್ನೆ ಒದೆಯುವ ಕಾಕುವಿಗೆ ಹೋಲಿಸಬೇಡಿ.

ಪೆರ್ಲದ ಪೆನ್ನು
ಸೋಮವಾರ, ಬೆಳಿಗ್ಗೆ 8:40

ಬಿಳಿಜೋಳಕ್ಕೂ ಮೆಕ್ಕೆಜೋಳಕ್ಕೂ ಜಗಳ ಬಿತ್ತು.

ಜತ್ತ ಬಿಳಿಜೋಳ
ಸೋಮವಾರ, ಬೆಳಿಗ್ಗೆ 9:02

ನಮ್ಮ ಕಾಕು ಯಾರ ಕುತ್ತಿಗೆಯನ್ನೂ ತಿರುವಿಲ್ಲ ರೀ. ಜೈಲಿಗೂ ಹೋಗಿಲ್ಲ.

ನೀರ್ಚಾಲು ಟೀಚರ್
ಸೋಮವಾರ, ಬೆಳಿಗ್ಗೆ 10:20

ಪದ ನೋಡಿದೆ. ಗ್ರೀಕ್ ಭಾಷೆಯಲ್ಲಿ ಖೈರ್ ಅಂದರೆ ಕೈ. ಕೈಯಿಂದ ಮಾಡುವುದು ಅಂತ ಅರ್ಥ. ನಮ್ಮ ‘ಕೈ’ಗೂ ಅದಕ್ಕೂ ನೆಂಟಸ್ತಿಕೆ ಇಲ್ಲ, ಆದರೂ ನೆನಪಿಡಲು ಸುಲಭ. ‘ಬೆನ್ನು ನೀವುವುದು’ ಅಂತ ಬೋರ್ಡ್ ಬರೆಸಬಹುದಿತ್ತು. ಕನ್ನಡ ಇಲ್ಲದ ಬೋರ್ಡ್ ಅಂದಿರಲ್ಲ, ಅದು ನನಗೆ ಸೊಂಟಕ್ಕಿಂತ ಜಾಸ್ತಿ ನೋವು. ಬ್ಯಾಂಕು, ವಿದ್ಯುತ್ ಬಿಲ್ಲು, ಈಗ ಬೆನ್ನು. ನಮ್ಮನ್ನು ಕೇರಳಕ್ಕೆ ಸೇರಿಸಿದ 1956ರಿಂದ ಇದೇ ಹಾಡು.

ದೇರಾದಿಂದ ಉಪ್ಪಳ
ಸೋಮವಾರ, ಮಧ್ಯಾಹ್ನ 12:15

ಟೀಚರ್, ಬೋರ್ಡ್ ಹಾಕಿದವರು ಸರ್ಕಾರದವರಲ್ಲ, ಯಾವುದೋ ಬಾಡಿಗೆ ಅಂಗಡಿ. ಹೋಗಿ ಕೇಳಿದರೆ ಬರೆಸುತ್ತಾರೆ. ನಾವು ಕೇಳುವುದಿಲ್ಲ, ಮಲಯಾಳಂನಲ್ಲೇ ಮಾತಾಡಿ ಬರುತ್ತೇವೆ.

ನೀರ್ಚಾಲು ಟೀಚರ್
ಸೋಮವಾರ, ಮಧ್ಯಾಹ್ನ 12:31

ಸರಿ. ಕೇಳುತ್ತೇನೆ.

ಪೆರ್ಲದ ಪೆನ್ನು
ಸೋಮವಾರ, ರಾತ್ರಿ 8:50

ತಮಾಷೆ ಬಿಟ್ಟು ಒಂದು ವಿಷಯ. ಎರಡು ವರ್ಷದ ಹಿಂದೆ ನನಗೂ ಇದೇ ಆಗಿತ್ತು. ಹೆದರಿ ನಾನೇ ಹೋಗಿ ಎಂಆರ್‌ಐ ಮಾಡಿಸಿದೆ. ರಿಪೋರ್ಟಿನಲ್ಲಿ ಎಲ್4-ಎಲ್5 ಡಿಸ್ಕ್ ಬಲ್ಜ್ (ಸೊಂಟದ ಎಲುಬುಗಳ ನಡುವಿನ ಮೆತ್ತೆ ಉಬ್ಬಿದೆ ಅಂತ), ಸವೆತ, ಇನ್ನೂ ಏನೇನೋ. ಓದಿ ಎರಡು ತಿಂಗಳು ಹಾಸಿಗೆ ಬಿಟ್ಟು ಏಳಲಿಲ್ಲ. ಡಿಸ್ಕ್ ಹೊರಗೆ ಹಾರಿ ಬಿಡುತ್ತದೆ ಅಂತ ಭಯ. ಕೊನೆಗೆ ನಾಯಿ ಅಟ್ಟಿಸಿಕೊಂಡು ಬಂದಾಗ ಓಡಿದೆ. ಏನೂ ಆಗಲಿಲ್ಲ. ಅವತ್ತಿನಿಂದ ಸರಿಯಾಗಿದ್ದೇನೆ.

ಫಿಸಿಯೊ ಕುಂಬಳೆ
ಸೋಮವಾರ, ರಾತ್ರಿ 9:25

ಆ ನಾಯಿಗೆ ನಮ್ಮ ಕೌನ್ಸಿಲಿನಲ್ಲಿ ರಿಜಿಸ್ಟ್ರೇಷನ್ ಕೊಡಬೇಕು.

ಪೆನ್ನು ಅಣ್ಣಾ, ಒಂದಿಷ್ಟೂ ನೋವಿಲ್ಲದ 3,110 ಜನರ ಸ್ಕ್ಯಾನ್ ಲೆಕ್ಕ ಹಾಕಿದ ಅಧ್ಯಯನ 2015ರಲ್ಲಿ ಬಂದಿದೆ. 20ರ ವಯಸ್ಸಿನವರಲ್ಲೇ ನೂರಕ್ಕೆ 30 ಜನರಿಗೆ ಡಿಸ್ಕ್ ಉಬ್ಬಿದೆ. 80ರವರಲ್ಲಿ ನೂರಕ್ಕೆ 84. ಅದು ಕೂದಲು ನರೆತ ಹಾಗೆ. ಸ್ಕ್ಯಾನ್ ಬೇಡ ಅಂತಲ್ಲ. ಯಾವಾಗ ಬೇಕು ಅಂತ ಉಂಟು.

ಮೆಕ್ಕೆಜೋಳ ಅಣ್ಣನಿಗೆ: ಅಲ್ಲಿಯ ಲೈಸೆನ್ಸ್ ಮಾತು ಒಪ್ಪಿದೆ. ಇಲ್ಲಿ ಫಿಸಿಯೊಥೆರಪಿ 2021ರ ಕೇಂದ್ರ ಕಾಯ್ದೆಯ ಅಡಿಯಲ್ಲಿ ಬರುತ್ತದೆ. ಕೈರೊಪ್ರಾಕ್ಟಿಕ್‌ಗೆ ನಮ್ಮ ದೇಶದಲ್ಲಿ ಪ್ರತ್ಯೇಕ ಕೌನ್ಸಿಲ್ ಇಲ್ಲ. ಅಮೆರಿಕದಲ್ಲಿ ವರ್ಷಗಟ್ಟಲೆ ಓದಿ ಬಂದವರೂ ಅದೇ ಬೋರ್ಡ್ ಹಾಕಬಹುದು, ಮೂರು ದಿನ ಕಲಿತವರೂ ಅದೇ ಬೋರ್ಡ್ ಹಾಕಬಹುದು. ಬೋರ್ಡ್ ನೋಡಿದರೆ ಯಾರು ಯಾರೆಂದು ಗೊತ್ತಾಗುವುದಿಲ್ಲ. ನೀವೇ ಕೇಳಬೇಕು.

ಅಯೋವಾ ಮೆಕ್ಕೆಜೋಳ
ಮಂಗಳವಾರ, ಬೆಳಿಗ್ಗೆ 7:05

ಅಕ್ಕಾ, ಅಮೆರಿಕದ ವೈದ್ಯರ ಸಂಘವಾದ ಅಮೆರಿಕನ್ ಕಾಲೇಜ್ ಆಫ್ ಫಿಸಿಷಿಯನ್ಸ್ ಅವರೇ 2017ರಲ್ಲಿ ಹೇಳಿದ್ದಾರಲ್ಲ. ಹೊಸದಾಗಿ ಬಂದ ಸೊಂಟ ನೋವಿಗೆ ಮೊದಲು ಮಾತ್ರೆ ಬೇಡ, ಶಾಖ ಕೊಡಿ, ಮಸಾಜು ಮಾಡಿ, ಬೆನ್ನೆಲುಬು ಒತ್ತಿಸಿ ಅಂತ. ಅಂದರೆ ಕೆಲಸ ಮಾಡುತ್ತದೆ ಅಂತಲೇ ಅಲ್ವಾ?

ಫಿಸಿಯೊ ಕುಂಬಳೆ
ಮಂಗಳವಾರ, ರಾತ್ರಿ 9:10

ಹೌದು, ಸ್ವಲ್ಪ ಮಾಡುತ್ತದೆ. ಬಿಸಿನೀರಿನ ಚೀಲದ ಸಾಲಿನಲ್ಲೇ ಅದನ್ನೂ ಕೂರಿಸಿದ್ದಾರೆ, ನೋಡಿ. ಚಿಕಿತ್ಸೆಗೆ ಮಾರ್ಗಸೂಚಿ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2016ರಲ್ಲಿ ಇನ್ನೂ ಬಿಗಿಯಾಗಿ ಹೇಳಿದೆ. ಒತ್ತಿಸುವುದಾದರೆ ವ್ಯಾಯಾಮದ ಜತೆಗೆ ಮಾತ್ರ, ಅದೊಂದೇ ಅಲ್ಲ. ನಮ್ಮಲ್ಲೂ ಕೈಯಿಂದ ಒತ್ತುವ ತಂತ್ರ ಕಲಿಸುತ್ತಾರೆ, ನಾನೂ ಮಾಡುತ್ತೇನೆ. ಸೊಂಟಕ್ಕೆ ನನ್ನ ತಕರಾರು ಕಡಿಮೆ. ಕುತ್ತಿಗೆಗೆ ಜಾಸ್ತಿ.

ಕುತ್ತಿಗೆಯ ಎಲುಬುಗಳ ತೂತಿನೊಳಗೇ ಮಿದುಳಿಗೆ ಹೋಗುವ ಎರಡು ರಕ್ತನಾಳ ಹಾದುಹೋಗುತ್ತವೆ. ಫಕ್ಕನೆ ತಿರುವಿದರೆ ಅದರ ಒಳಪದರ ಹರಿಯಬಹುದು. ಅಲ್ಲಿ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋದರೆ ಪಾರ್ಶ್ವವಾಯು. ಅಪರೂಪ, ನಿಜ. ಆದರೆ ಸುಮ್ನೆ ಹಗುರ ಅನಿಸಲಿ ಅಂತ ಮಾಡಿಸಿಕೊಳ್ಳುವವರಿಗೆ ಅಪರೂಪವೂ ಜಾಸ್ತಿಯೇ.

ಅಯೋವಾ ಮೆಕ್ಕೆಜೋಳ
ಮಂಗಳವಾರ, ರಾತ್ರಿ 9:48

ಅದಕ್ಕೆ ಇನ್ನೊಂದು ಮುಖವೂ ಉಂಟು. ರಕ್ತನಾಳ ಮೊದಲೇ ಹರಿದಿದ್ದರೂ ಕುತ್ತಿಗೆ ನೋವು ಬರುತ್ತದೆ. ನೋವು ಅಂತ ಕೈರೊಪ್ರಾಕ್ಟರ್ ಹತ್ತಿರ ಹೋಗುತ್ತಾರೆ. ಆಮೇಲೆ ಪಾರ್ಶ್ವವಾಯು ಬಡಿದರೆ ಒತ್ತಿದವನ ಮೇಲೆ ಗೂಬೆ.

ಫಿಸಿಯೊ ಕುಂಬಳೆ
ಮಂಗಳವಾರ, ರಾತ್ರಿ 9:55

ಸರಿ, ಹಾಗೇ ಇಟ್ಟುಕೊಳ್ಳಿ. ಮೊದಲೇ ಹರಿದ ರಕ್ತನಾಳದವನು ಬಂದು ಮಲಗಿದ್ದಾನೆ. ಅವನ ಕುತ್ತಿಗೆ ತಿರುವಬಹುದಾ? ತಿರುವಬಾರದು ಅಂತ ಗೊತ್ತಾಗಬೇಕಾದರೆ ಮೊದಲು ಪ್ರಶ್ನೆ ಕೇಳಬೇಕು. ದೇರಾದ ಅಣ್ಣ ಮುಕ್ಕಾಲು ಗಂಟೆ ದಂಡ ಅಂದರಲ್ಲ, ಅವರು ದುಡ್ಡು ಕೊಟ್ಟದ್ದೇ ಆ ಮುಕ್ಕಾಲು ಗಂಟೆಗೆ.

ಅಯೋವಾ ಮೆಕ್ಕೆಜೋಳ
ಮಂಗಳವಾರ, ರಾತ್ರಿ 10:02

ಇದಕ್ಕೆ ಉತ್ತರ ಇಲ್ಲ ನನ್ನ ಹತ್ತಿರ. ಒಪ್ಪಿದೆ.

ಕಷಾಯ
ಬುಧವಾರ, ಮಧ್ಯಾಹ್ನ 2:30

ನಾನು ಆಯುರ್ವೇದದವನು. ನಮ್ಮ ನಾಡಿನ ಮದ್ದನ್ನು ಯಾರೂ ಎತ್ತಲೇ ಇಲ್ಲ ಅಂತ ಆಶ್ಚರ್ಯ. ಕಾಲಿಗೆ ಇಳಿಯುವ ನೋವಿಗೆ ಹಳೆಯ ಪುಸ್ತಕಗಳಲ್ಲಿ ಗೃಧ್ರಸಿ ಅಂತ ಹೆಸರು. ಗೃಧ್ರ ಅಂದರೆ ಹದ್ದು, ರೋಗಿ ಹದ್ದಿನ ಹಾಗೆ ಕಾಲೆಳೆದು ನಡೆಯುತ್ತಾನೆ ಅಂತ. ಸೊಂಟದ ಮೇಲೆ ಉದ್ದಿನ ಹಿಟ್ಟಿನ ಕಟ್ಟೆ ಕಟ್ಟಿ ಬೆಚ್ಚಗಿನ ಎಣ್ಣೆ ನಿಲ್ಲಿಸುವುದು ಕಟಿಬಸ್ತಿ. ಆಟಿ ತಿಂಗಳಲ್ಲಿ ಊರೆಲ್ಲ ಇದೇ. ಆದರೆ ಒಂದು ಮಾತು: ಎಣ್ಣೆ ಹಾಕುವವರೂ ಮೊದಲು ನೋಡಿ ಕೇಳಿ ಹಾಕಬೇಕು. ನಮ್ಮಲ್ಲೂ ಬೋರ್ಡ್ ಮಾತ್ರ ಇರುವವರು ಇದ್ದಾರೆ, ಫಿಸಿಯೊ ಅಕ್ಕ ಹೇಳುವುದಕ್ಕಿಂತ ಮೊದಲು ನಾನೇ ಹೇಳಿಬಿಡುತ್ತೇನೆ.

ಹೊಳೆಬದಿ ಮುಳ್ಳೇರಿಯ
ಬುಧವಾರ, ರಾತ್ರಿ 9:37

ಎಲ್ಲ ಓದಿದೆ. ಒಂದು ಸಣ್ಣ ಪ್ರಶ್ನೆ. ಆ ಸೆಂಟರಿನವರು ಮನೆಗೆ ಬರುತ್ತಾರಾ? ನಮ್ಮ ಅಪ್ಪನಿಗೆ 67. ತಿಂಗಳಿನಿಂದ ಸೊಂಟ ನೋವು, ಎಣ್ಣೆ ನೀವುವವರು ಎರಡು ಸಲ ಬಂದು ಹೋದರು. ನಿನ್ನೆಯಿಂದ ಎರಡೂ ಕಾಲು ಜೋಮು ಹಿಡಿದ ಹಾಗೆ ಅಂತಾರೆ, ನಡೆಯಲು ಆಗುತ್ತಿಲ್ಲ. ಮೂತ್ರವೂ ಸರಿಯಾಗಿ ಹೋಗುತ್ತಿಲ್ಲ, ಅದು ಪ್ರಾಸ್ಟೇಟ್ ಇರಬೇಕು. ಪೇಟೆಗೆ ಕರೆದುಕೊಂಡು ಹೋಗುವುದು ಕಷ್ಟ.

ಫಿಸಿಯೊ ಕುಂಬಳೆ
ಬುಧವಾರ, ರಾತ್ರಿ 9:41

ಯಾರನ್ನೂ ಮನೆಗೆ ಕರೆಸಬೇಡಿ. ಈಗಲೇ ಅಪ್ಪನ ಹತ್ತಿರ ಕೇಳಿ. ಶೌಚದ ನಂತರ ತೊಳೆದುಕೊಳ್ಳುವಾಗ ಕೈ ತಾಗಿದ್ದು ಗೊತ್ತಾಗುತ್ತದಾ? ಸೈಕಲ್ ಸೀಟು ತಾಗುವ ಜಾಗ ಮರಗಟ್ಟಿದೆಯಾ? ನಾಚಿಕೆ ಬೇಡ, ಕೇಳಿ ಬರೆಯಿರಿ. ಇಲ್ಲೇ ಇದ್ದೇನೆ.

ಹೊಳೆಬದಿ ಮುಳ್ಳೇರಿಯ
ಬುಧವಾರ, ರಾತ್ರಿ 9:49

ಕೇಳಿದೆ. ನಿನ್ನೆಯಿಂದ ಗೊತ್ತಾಗುತ್ತಿಲ್ಲವಂತೆ. ಅಮ್ಮನಿಗೂ ಹೇಳಿರಲಿಲ್ಲ.

ಫಿಸಿಯೊ ಕುಂಬಳೆ
ಬುಧವಾರ, ರಾತ್ರಿ 9:51

ಈಗಲೇ ಹೊರಡಿ. ನಾಳೆ ಬೆಳಿಗ್ಗೆ ಅಲ್ಲ. ರಾತ್ರಿಯೂ ಎಂಆರ್‌ಐ ಮಾಡುವ, ಬೆನ್ನೆಲುಬಿನ ಆಪರೇಷನ್ ಮಾಡುವ ದೊಡ್ಡ ಆಸ್ಪತ್ರೆಗೆ, ಮಂಗಳೂರಿಗೇ ಹೋಗಿ. ಬೆನ್ನೆಲುಬಿನ ಕೆಳತುದಿಯಲ್ಲಿ ನರಗಳ ಗೊಂಚಲು ಉಂಟು, ಕುದುರೆ ಬಾಲದ ಹಾಗೆ. ಡಿಸ್ಕ್ ಅದನ್ನು ಅಮುಕಿರಬಹುದು. ಗಂಟೆಗಳ ಲೆಕ್ಕ ಇದು. ತಡವಾದರೆ ಮೂತ್ರದ ಹಿಡಿತ, ಕಾಲಿನ ಬಲ ಮರಳಿ ಬಾರದೆ ಇರಬಹುದು. ಅಲ್ಲಿ ಹೋದ ಕೂಡಲೇ ಮೂರು ಮಾತು ಹೇಳಿ: ಎರಡು ಕಾಲು ಜೋಮು, ಮೂತ್ರ ಹೋಗುತ್ತಿಲ್ಲ, ಕೂರುವ ಜಾಗ ಮರಗಟ್ಟಿದೆ. ಪ್ರಾಸ್ಟೇಟ್ ಅಂತ ನೀವೇ ಹೇಳಬೇಡಿ. ಗಾಡಿಯಲ್ಲಿ ಹಿಂದೆ ಮಲಗಿಸಿ.

ಕಷಾಯ
ಬುಧವಾರ, ರಾತ್ರಿ 9:53

ಅಕ್ಕ ಹೇಳಿದ್ದು ನೂರಕ್ಕೆ ನೂರು. ಎಣ್ಣೆ, ನೀವುವುದು ಯಾವುದೂ ಬೇಡ. ಹೊರಡಿ.

ಸೋಗೆಮನೆ
ಬುಧವಾರ, ರಾತ್ರಿ 9:54

ಗಾಡಿ ಉಂಟಾ? ನಮ್ಮ ಚಿಕ್ಕಪ್ಪನ ಮಗನ ಓಮ್ನಿ ಮುಳ್ಳೇರಿಯ ಪೇಟೆಯಲ್ಲೇ ಇದೆ. ನಂಬರ್ ನಿಮ್ಮ ಇನ್‌ಬಾಕ್ಸ್‌ಗೆ ಹಾಕಿದ್ದೇನೆ. ಅವನಿಗೂ ಹೇಳಿ ಆಯ್ತು, ಹೊರಟಿದ್ದಾನೆ.

ಹೊಳೆಬದಿ ಮುಳ್ಳೇರಿಯ
ಬುಧವಾರ, ರಾತ್ರಿ 11:38

ತಲಪಾಡಿ ದಾಟಿದೆವು.

ದೇರಾದಿಂದ ಉಪ್ಪಳ
ಬುಧವಾರ, ರಾತ್ರಿ 11:44

ಆ ಹೆಸರು ಓದಿದ ಕೂಡಲೇ ಕೊರೊನಾದ 2020 ನೆನಪಾಯಿತು. ಕೇರಳ-ಕರ್ನಾಟಕದ ಇದೇ ಗಡಿ ಮುಚ್ಚಿ ಆಂಬುಲೆನ್ಸ್ ಬಿಡದೆ ನಿಲ್ಲಿಸಿದ್ದರು. ನಮ್ಮ ಆಸ್ಪತ್ರೆ ಎಲ್ಲ ಆಚೆ, ಮನೆ ಎಲ್ಲ ಈಚೆ. ಇವತ್ತು ತೆರೆದಿದೆಯಲ್ಲ, ಸಾಕು. ಹುಷಾರು ತಮ್ಮಾ.

ಪೆರ್ಲದ ಪೆನ್ನು
ಗುರುವಾರ, ಬೆಳಿಗ್ಗೆ 6:05

ಏನಾದರೂ ಗೊತ್ತಾಯಿತಾ?

ನೀರ್ಚಾಲು ಟೀಚರ್
ಗುರುವಾರ, ಬೆಳಿಗ್ಗೆ 6:10

ನಾನೂ ಅದನ್ನೇ ನೋಡಲು ಬಂದೆ.

ಹೊಳೆಬದಿ ಮುಳ್ಳೇರಿಯ
ಗುರುವಾರ, ಬೆಳಿಗ್ಗೆ 11:20

ಬೆಳಗಿನ ಜಾವ ಆಪರೇಷನ್ ಆಯ್ತು. ಅಕ್ಕ ಹೇಳಿದ ಮೂರು ಮಾತು ಹೇಳಿದ ಕೂಡಲೇ ಎಂಆರ್‌ಐಗೆ ಒಳಗೆ ಕರೆದುಕೊಂಡು ಹೋದರು. ದೊಡ್ಡ ತುಂಡು ಡಿಸ್ಕ್ ನರದ ಮೇಲೆ ಕೂತಿತ್ತಂತೆ. ಇನ್ನು ಕಾದು ನೋಡಬೇಕು ಅಂದಿದ್ದಾರೆ. ಈಗ ಮಲಗುತ್ತೇನೆ.

ಸೋಗೆಮನೆ
ಶನಿವಾರ, ಸಂಜೆ 6:30

ನಿಮ್ಮೆಲ್ಲರ ಮಾತು ಕೇಳಿಯೂ ನಾನು ನಿನ್ನೆ ಆ ಸೆಂಟರಿಗೆ ಹೋಗಿಬಂದೆ. ಬಯ್ಯಬೇಡಿ. ಕುತೂಹಲ.

ಒಳಗೆ ತಣ್ಣಗೆ ಎಸಿ, ಪ್ಲಾಸ್ಟಿಕ್ಕಿನ ಬೆನ್ನೆಲುಬು, ನಡುವೆ ಇಬ್ಭಾಗವಾದ ಒಂದು ಮಂಚ. ಫಾರಂ ಇಂಗ್ಲಿಷಿನಲ್ಲಿ. ಹೆಸರು, ನಂಬರ್, ‘ನಮ್ಮ ಬಗ್ಗೆ ಎಲ್ಲಿ ನೋಡಿದಿರಿ’. ಕಾಯಿಲೆ ಬಗ್ಗೆ ಒಂದೇ ಗೆರೆ. ಹುಡುಗ ಮರ್ಯಾದೆಯವನು. ನಿಲ್ಲಿಸಿ ಮೊಬೈಲಿನಲ್ಲಿ ಫೋಟೊ ತೆಗೆದು, ನಿಮ್ಮ ಎಡಭುಜ ಇಳಿದಿದೆ, ಬೆನ್ನೆಲುಬು ವಾಲಿದೆ, 12 ಸಲ ಬರಬೇಕು, ಒಟ್ಟಿಗೆ ಕೊಟ್ಟರೆ 7,500 ಅಂದ. ಮೂವತ್ತು ವರ್ಷ ಎಡಹೆಗಲ ಮೇಲೆ ಅಡಿಕೆ ಹೊತ್ತಿದ್ದೇನೆ, ಭುಜ ಇಳಿಯದೆ ಏನಾಗುತ್ತದೆ.

ಎಲ್ಲಿ ಕಲಿತದ್ದು ಅಂತ ಕೇಳಿದೆ. ಗೋಡೆಯ ಸರ್ಟಿಫಿಕೇಟ್ ತೋರಿಸಿದ. ತಾರೀಕು ಓದಿದೆ. ಶುಕ್ರವಾರದಿಂದ ಭಾನುವಾರ.

ಕುತ್ತಿಗೆ ಮುಟ್ಟಬೇಡಿ ಅಂದೆ. ಎಲ್ಲರೂ ಅದಕ್ಕೇ ಬರುವುದು ಚೇಟ್ಟಾ ಅಂತ ನಕ್ಕ. ಸೊಂಟ ಮಾತ್ರ ಅಂದೆ. ಮಗ್ಗುಲಿಗೆ ಮಲಗಿಸಿ, ಮೊಣಕಾಲು ಮಡಚಿ, ಒಂದು ಸಲ ಜೋರಾಗಿ ಅಮುಕಿದ. ಟಕ್ ಅಂತು. ಸುಳ್ಳು ಹೇಳುವುದಿಲ್ಲ, ಹಗುರ ಅನಿಸಿತು. ಬಸ್ ಸ್ಟ್ಯಾಂಡಿನವರೆಗೆ ಮದುಮಗನ ಹಾಗೆ ನಡೆದೆ. ಮನೆಗೆ ಬಂದು ಹಟ್ಟಿಯಲ್ಲಿ ಹಾಲು ಕರೆಯಲು ಕೂತೆ. ನೋವು ಅಲ್ಲೇ ಕಾಯುತ್ತಿತ್ತು.

ಅಯೋವಾ ಮೆಕ್ಕೆಜೋಳ
ಶನಿವಾರ, ರಾತ್ರಿ 8:00

ಮೂರು ದಿನದ ಕೋರ್ಸಾ? ಅದು ಕೈರೊಪ್ರಾಕ್ಟಿಕ್ ಅಲ್ಲವೇ ಅಲ್ಲ. ಇಲ್ಲಿ ಅಂಥವನು ಬಾಗಿಲು ತೆರೆದರೆ ಸಂಜೆಯೊಳಗೆ ಪೊಲೀಸರು ಬರುತ್ತಾರೆ. ನನ್ನ ವಾದ ಇಲ್ಲಿಗೆ ವಾಪಸ್.

ಫಿಸಿಯೊ ಕುಂಬಳೆ
ಶನಿವಾರ, ರಾತ್ರಿ 9:20

ಹೋದದ್ದಕ್ಕೆ ಬಯ್ಯುವುದಿಲ್ಲ. ಕುತ್ತಿಗೆ ಕೊಡಲಿಲ್ಲವಲ್ಲ. ಆ ಹಗುರ ಸುಳ್ಳಲ್ಲ, ಬಿಗಿದ ಸ್ನಾಯು ಸ್ವಲ್ಪ ಹೊತ್ತು ಸಡಿಲ ಆಗುತ್ತದೆ. ಅಷ್ಟರಲ್ಲಿ ವ್ಯಾಯಾಮ ಮಾಡಿಸಿದ್ದರೆ ಉಪಯೋಗ ಇತ್ತು.

ದಿನಕ್ಕೆ ಎರಡು ಸಲ ತೋಟದ ಗಡಿ ಸುತ್ತಿ ನಡೆಯಿರಿ. ಅಡಿಕೆ ಸುಲಿಯುವಾಗ ನೆಲದ ಮಣೆ ಬಿಟ್ಟು ಮೊಣಕಾಲೆತ್ತರದ ಸ್ಟೂಲು ಹಾಕಿ, ಅರ್ಧ ಗಂಟೆಗೊಮ್ಮೆ ಏಳಿ. ಗೋಣಿ ಅರ್ಧ ಮಾತ್ರ ತುಂಬಿಸಿ, ಎದೆಗೆ ಒತ್ತಿ ಹಿಡಿದು ಎತ್ತಿ, ಎತ್ತಿದ ಮೇಲೆ ಸೊಂಟ ತಿರುಗಿಸಬೇಡಿ, ಪಾದ ತಿರುಗಿಸಿ. ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಫಿಸಿಯೊ ಇದ್ದರೆ ಒಮ್ಮೆ ತೋರಿಸಿ. ಎರಡು ವಾರ ಬಿಟ್ಟು ಹೇಳಿ.

ಮಡಕಶಿರ ರಾಗಿ
ಶನಿವಾರ, ರಾತ್ರಿ 9:33

ಅರ್ಧ ಗೋಣಿ ಹೊತ್ತರೆ ಕೂಲಿ ಪೂರ್ತಿ ಕೊಡುತ್ತಾರಾ?

ಸೋಗೆಮನೆ
ಶನಿವಾರ, ರಾತ್ರಿ 9:36

ಕೂಲಿಗೆ ಜನ ಸಿಕ್ಕಿದ್ದರೆ ನಾನ್ಯಾಕೆ ಎತ್ತುತ್ತಿದ್ದೆ ಅಣ್ಣಾ.

ಹೊಳೆಬದಿ ಮುಳ್ಳೇರಿಯ
ಹದಿನಾರು ದಿನದ ನಂತರ, ಬೆಳಿಗ್ಗೆ 9:15

ಅಪ್ಪನ ಕೆಥೆಟರ್ ಮೊನ್ನೆ ತೆಗೆದರು. ಇವತ್ತು ತಾನಾಗಿಯೇ ಮೂತ್ರ ಹೋಯಿತು. ಎಡಗಾಲಿನ ಪಾದ ಇನ್ನೂ ಸ್ವಲ್ಪ ಎಳೆಯುತ್ತದೆ, ವಾಕರ್ ಹಿಡಿದು ಜಗುಲಿಯವರೆಗೆ ಬರುತ್ತಾರೆ. ಈ ಫೋರಂನಲ್ಲಿ ಕೇಳಿದ್ದು ಅಂತ ಹೇಳಿದೆ. ನನ್ನ ಮೂತ್ರದ ಸುದ್ದಿ ದುಬೈಗೆ, ಅಮೆರಿಕಕ್ಕೆಲ್ಲ ಹೋಯಿತಾ ಅಂತ ಒಂದು ದಿನ ಮಾತು ಬಿಟ್ಟಿದ್ದರು. ಕುಂಬಳೆ ಅಕ್ಕನಿಗೆ ಒಂದು ಗೊನೆ ಕದಳಿ ಕಳಿಸಬೇಕಂತೆ. ವಿಳಾಸ ಇನ್‌ಬಾಕ್ಸ್ ಮಾಡಿ.

ಫಿಸಿಯೊ ಕುಂಬಳೆ
ಅದೇ ದಿನ, ರಾತ್ರಿ 9:02

ಕದಳಿ ಬೇಡ ಅನ್ನುವಷ್ಟು ದೊಡ್ಡವಳಲ್ಲ ನಾನು. ಕಳಿಸಿ. ಪಾದ ಎಳೆಯುವುದಕ್ಕೆ ವ್ಯಾಯಾಮ ಬಿಡಬಾರದು, ತಿಂಗಳುಗಟ್ಟಲೆ ಹಿಡಿಯಬಹುದು ಅಂತ ಅಪ್ಪನಿಗೆ ಹೇಳಿ. ಸೋಗೆಮನೆ ಅಣ್ಣನ ಸುದ್ದಿ ಏನು?

ಸೋಗೆಮನೆ
ಅದೇ ದಿನ, ರಾತ್ರಿ 9:40

ನನ್ನದು ಮುಕ್ಕಾಲು ಪಾಲು ಹೋಗಿದೆ. ಸ್ಟೂಲು ಮಾಡಿಸಿದೆ, ಈಗ ಅದರಲ್ಲಿ ಬೆಕ್ಕು ಮಲಗುತ್ತದೆ. ಅದು ಎದ್ದ ಮೇಲೆ ನಾನು ಕೂರುತ್ತೇನೆ.

ಇನ್ನೊಂದು ಸುದ್ದಿ. ಆ ಸೆಂಟರಿನ ಬೋರ್ಡಿಗೆ ಕನ್ನಡ ಬಂದಿದೆ. ಟೀಚರ್ ಹೋಗಿ ಕೇಳಿದ್ದು ಫಲ ಕೊಟ್ಟಿತು ಅಂತ ಕಾಣುತ್ತದೆ. ಆದರೆ ಬರೆದವನು ಒಂದು ಕೊಂಬು ಬಿಟ್ಟಿದ್ದಾನೆ. ‘ಇಲ್ಲಿ ಕತ್ತಿಗೆ ಮತ್ತು ಬೆನ್ನಿಗೆ ಚಿಕಿತ್ಸೆ ನೀಡಲಾಗುವುದು’.

ಪೆರ್ಲದ ಪೆನ್ನು
ಅದೇ ದಿನ, ರಾತ್ರಿ 9:42

ನಮ್ಮಲ್ಲಿ ಎರಡು ಮೊಂಡು ಕತ್ತಿ ಉಂಟು. 800ಕ್ಕೆ ಎರಡೂ ಹರಿತ ಮಾಡಿಕೊಡುತ್ತಾರಾ ಕೇಳಿ ಭಾವ.

ನೀರ್ಚಾಲು ಟೀಚರ್
ಅದೇ ದಿನ, ರಾತ್ರಿ 9:50

ಬರೆದುಕೊಟ್ಟದ್ದು ಸರಿಯಾಗಿಯೇ ಇತ್ತು, ನನ್ನ ಹತ್ತಿರ ಪ್ರತಿ ಉಂಟು. ನಾಳೆ ಹತ್ತು ಗಂಟೆಯ ಬಸ್ಸಿಗೆ ಹೋಗಿ ಕೊಂಬು ಹಾಕಿಸಿ ಬರುತ್ತೇನೆ.